ರಣರಂಗದಿಂದ ಮರಳಿದವರು ಮತ್ತು ಇಪ್ಪತ್ತನಾಲ್ಕು ಕಾಗದಗಳು

ಇತಿಹಾಸದ ಪಠ್ಯಪುಸ್ತಕಗಳಲ್ಲಿ ಯುದ್ಧವೆಂಬುದು ಒಪ್ಪಂದಕ್ಕೆ ಸಹಿ ಬಿದ್ದ ದಿನ ಮುಗಿದುಹೋಗುತ್ತದೆ. ವರ್ಸೇಲ್ಸ್ 1919, ತಾಷ್ಕೆಂಟ್ 1966, ಸಿಮ್ಲಾ 1972, ಪ್ಯಾರಿಸ್ 1973 ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಪೂರ್ಣಾಂಕ. ಸಹಿಯಾದ ಮೇಲೆ ಊರಿಗೆ ಹಿಂದಿರುಗಿದ ಸಿಪಾಯಿ ಏನಾದ ಎಂಬುದನ್ನು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ.

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಕೆಲವು ತಿಂಗಳ ಹಿಂದೆ ಇದೇ ಪ್ರಶ್ನೆಯನ್ನು ಬೇರೊಂದು ರೂಪದಲ್ಲಿ ಕೇಳಿದರು. ಅಲ್ಲಿ ಮಾಜಿ ಸೈನಿಕರ ಆತ್ಮಹತ್ಯೆಯನ್ನು ತಡೆಯಲು ಸರ್ಕಾರ ಇಷ್ಟೊಂದು ಹಣ ಸುರಿಯುತ್ತದಲ್ಲ, ಇದು ಎಂದಿನಿಂದ ಶುರುವಾಯಿತು, ಸೈನಿಕರು ಅದರ ಬಗ್ಗೆ ಏನೆನ್ನುತ್ತಾರೆ ಎಂದು. ವಿಷಯ ಭಾರವಾದದ್ದು. ಆದರೂ ಈ ಪುಟವನ್ನು ಓದುವವರಲ್ಲಿ ಸೈನ್ಯದಲ್ಲಿದ್ದು ಬಂದವರು ಕೆಲವರಿದ್ದಾರೆ, ಅವರ ಮನೆಯವರಿದ್ದಾರೆ. ಆದ್ದರಿಂದ ಇದನ್ನು ಕೊಂಚ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಆಡಿ ಮರ್ಫಿಯ ಕಥೆ. ಟೆಕ್ಸಾಸಿನ ಬಡ ಗೇಣಿದಾರ ಕುಟುಂಬದಲ್ಲಿ ಹುಟ್ಟಿದ ಈತ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಅತ್ಯಂತ ಹೆಚ್ಚು ಪದಕ ಪಡೆದ ಸೈನಿಕರಲ್ಲೊಬ್ಬ. 1945ರ ಜನವರಿ 26ರಂದು ಫ್ರಾನ್ಸಿನ ಹೋಲ್ಟ್ಸ್‌ವೀರ್ ಎಂಬ ಹಳ್ಳಿಯ ಬಳಿ ಉರಿಯುತ್ತಿದ್ದ ಯುದ್ಧವಾಹನವೊಂದರ ಮೇಲೇರಿ ಅದರ ಮಶೀನ್‌ಗನ್ನಿನಿಂದ ಶತ್ರುಪಡೆಯನ್ನು ಒಬ್ಬನೇ ತಡೆದು ನಿಲ್ಲಿಸಿದ. ಅದಕ್ಕಾಗಿ ಆ ದೇಶದ ಪರಮೋಚ್ಚ ಗೌರವವಾದ ಮೆಡಲ್ ಆಫ್ ಆನರ್ ದೊರೆಯಿತು. ಮುಂದೆ ಹಾಲಿವುಡ್ ಸೇರಿದ. 1955ರಲ್ಲಿ ಅವನದೇ ಜೀವನದ ಚಲನಚಿತ್ರ ಬಂದಾಗ ತನ್ನ ಪಾತ್ರವನ್ನು ತಾನೇ ವಹಿಸಿದ. ಹೊರಗಿನಿಂದ ನೋಡಿದವರಿಗೆ ಇನ್ನೇನು ಬೇಕು ಅನ್ನಿಸುವಂತಹ ಬದುಕು. ಆದರೆ ರಾತ್ರಿ ನಿದ್ರೆ ಬರುತ್ತಿರಲಿಲ್ಲ. ಗುಂಡು ತುಂಬಿದ ಪಿಸ್ತೂಲು ದಿಂಬಿನಡಿಯಲ್ಲಿರಬೇಕಾಗಿತ್ತು. ನಿದ್ರೆಯ ಮಾತ್ರೆಗೆ ದಾಸನಾಗಿ, ಕಡೆಗೆ ಒಂದು ಕೋಣೆಯಲ್ಲಿ ತನ್ನನ್ನು ತಾನೇ ಕೂಡಿಹಾಕಿಕೊಂಡು ಆ ಚಟವನ್ನು ಬಿಟ್ಟ.

ನನ್ನ ದೃಷ್ಟಿಯಲ್ಲಿ ಹೋಲ್ಟ್ಸ್‌ವೀರ್‌ಗಿಂತ ದೊಡ್ಡ ಶೌರ್ಯ ಇದರ ನಂತರದ್ದು. ಕೊರಿಯಾ ಮತ್ತು ವಿಯೆಟ್ನಾಂನಿಂದ ಹಿಂದಿರುಗುತ್ತಿರುವ ಹುಡುಗರಿಗೂ ಹೀಗೆಯೇ ಆಗುತ್ತಿದೆ, ಯುದ್ಧವು ಮನಸ್ಸಿಗೆ ಮಾಡುವ ಗಾಯವನ್ನು ಸರ್ಕಾರ ಅಧ್ಯಯನ ಮಾಡಿ ಚಿಕಿತ್ಸೆ ಕೊಡಬೇಕು ಎಂದು ಅವನು ಬಹಿರಂಗವಾಗಿ ಹೇಳಿದ. ಎದೆತುಂಬ ಪದಕವಿದ್ದವನು ‘ನನಗೆ ನಿದ್ರೆ ಬರುವುದಿಲ್ಲ’ ಎಂದು ಒಪ್ಪಿಕೊಳ್ಳುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. 1971ರ ಮೇ 28ರಂದು ವಿಮಾನ ಅಪಘಾತದಲ್ಲಿ ಮರ್ಫಿ ತೀರಿಕೊಂಡ. ಇಂದು ಸ್ಯಾನ್ ಆಂಟೋನಿಯೋ ನಗರದ ಮಾಜಿ ಸೈನಿಕರ ಆಸ್ಪತ್ರೆಗೆ ಅವನ ಹೆಸರಿದೆ.

ಆಸ್ಪತ್ರೆಗಳಾದರೋ ಆ ಕಾಲದಲ್ಲಿ ಇಂಥ ಮಾತಿಗೆ ಕಿವುಡಾಗಿದ್ದವು. 1969ರಲ್ಲಿ ಬಾಸ್ಟನ್ನಿನ ಮಾಜಿ ಸೈನಿಕರ ಆಸ್ಪತ್ರೆಗೆ ಸಾರಾ ಹೇಲಿ ಎಂಬ ತರುಣಿ ಸಮಾಜಸೇವಾ ವಿಭಾಗಕ್ಕೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಒಬ್ಬ ರೋಗಿ ಬಂದ. ತನ್ನ ತುಕಡಿಯವರು ಮೈ ಲಾಯ್ ಎಂಬ ಹಳ್ಳಿಯಲ್ಲಿ ಹೆಂಗಸರು ಮಕ್ಕಳನ್ನು ಕೊಂದರು, ತಾನು ಗುಂಡು ಹಾರಿಸಲಿಲ್ಲ, ಬಾಯಿಬಿಟ್ಟರೆ ಉಳಿಸುವುದಿಲ್ಲವೆಂದು ಜೊತೆಯವರು ಬೆದರಿಸಿದ್ದಾರೆ ಎಂದು ಹೇಳಿದ. ಸಿಬ್ಬಂದಿಯ ಸಭೆಯಲ್ಲಿ ಇದು ಭ್ರಮೆ, ಚಿತ್ತವಿಕಲತೆ ಎಂದು ತೀರ್ಮಾನವಾಯಿತು. ಅವನು ಹೇಳುತ್ತಿರುವುದು ನಿಜವಿರಬಹುದಲ್ಲವೇ ಎಂದು ಕೇಳಿದ ಸಾರಾ ಹೇಲಿಯನ್ನು ಉಳಿದವರು ಅನನುಭವಿಯೆಂಬಂತೆ ನೋಡಿದರು. ಅದೇ ವರ್ಷದ ನವೆಂಬರಿನಲ್ಲಿ ಮೈ ಲಾಯ್ ಹತ್ಯಾಕಾಂಡದ ಸುದ್ದಿ ಪತ್ರಿಕೆಗಳಲ್ಲಿ ಸ್ಫೋಟಿಸಿತು. ತನ್ನ ಮಾತನ್ನು ನಂಬದವರ ಹತ್ತಿರ ಯಾವನು ತಾನೇ ಎರಡನೆಯ ಸಲ ಹೋದಾನು?

ಆದ್ದರಿಂದ ವಿಯೆಟ್ನಾಂನಿಂದ ಬಂದವರು ತಮ್ಮ ಚಿಕಿತ್ಸೆಯನ್ನು ತಾವೇ ಹುಡುಕಿಕೊಂಡರು. 1970ರ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ, ಯುದ್ಧವನ್ನು ವಿರೋಧಿಸುತ್ತಿದ್ದ ಮಾಜಿ ಸೈನಿಕರ ಸಂಘದ ಕಚೇರಿಯಲ್ಲಿ ವಾರಕ್ಕೊಮ್ಮೆ ಗುಂಪಾಗಿ ಕೂತು ಮಾತನಾಡುವ ಪದ್ಧತಿ ಆರಂಭವಾಯಿತು. ಇವಕ್ಕೆ ‘ರ‍್ಯಾಪ್ ಗ್ರೂಪ್’ ಎಂದು ಹೆಸರು. ಮೊಮ್ಮಕ್ಕಳು ಕೇಳುವ ಆ ಗದ್ದಲದ ಸಂಗೀತಕ್ಕೂ ಇದಕ್ಕೂ ಸಂಬಂಧವಿಲ್ಲ. ರ‍್ಯಾಪ್ ಎಂದರೆ ಆಗಿನ ಆಡುಮಾತಿನಲ್ಲಿ ಮನಸ್ಸು ಬಿಚ್ಚಿ ಹರಟುವುದು. ನಮ್ಮ ಊರಿನ ಅರಳಿಕಟ್ಟೆಯಂತೆ ಎನ್ನಿ. ರಾಬರ್ಟ್ ಜೇ ಲಿಫ್ಟನ್ ಮತ್ತು ಹೈಮ್ ಶಟಾನ್ ಎಂಬ ಇಬ್ಬರು ಮನೋವೈದ್ಯರನ್ನು ಸೈನಿಕರೇ ಕರೆಸಿಕೊಂಡರು. ಲಿಫ್ಟನ್ ಅದಕ್ಕೆ ಮುಂಚೆ ಹಿರೋಷಿಮಾದಲ್ಲಿ ಅಣುಬಾಂಬಿನಿಂದ ಬದುಕುಳಿದವರನ್ನು ಮಾತನಾಡಿಸಿ ದೊಡ್ಡ ಗ್ರಂಥವನ್ನೇ ಬರೆದಿದ್ದವರು. ಆದರೂ ಇಲ್ಲಿ ಷರತ್ತು ಹಾಕಿದವರು ಸೈನಿಕರು. ಸಭೆ ನಡೆಯುವುದು ನಮ್ಮ ಜಾಗದಲ್ಲಿ, ನೀವು ವೈದ್ಯರಾಗಿ ಮೇಲೆ ಕೂರುವಂತಿಲ್ಲ, ನಮ್ಮನ್ನು ಪ್ರಶ್ನಿಸಿದಂತೆ ನಿಮ್ಮನ್ನೂ ಪ್ರಶ್ನಿಸುತ್ತೇವೆ ಎಂದರು. ವೈದ್ಯರು ಒಪ್ಪಿದರು, ಶುಲ್ಕವನ್ನೂ ತೆಗೆದುಕೊಳ್ಳಲಿಲ್ಲ. ಎರಡು ಗಂಟೆಗೆಂದು ಆರಂಭವಾದ ಕೂಟಗಳು ಮೂರು ನಾಲ್ಕು ಗಂಟೆ ನಡೆಯುತ್ತಿದ್ದವಂತೆ.

ಆ ಕೂಟಗಳಲ್ಲಿ ಕೇಳಿದ್ದನ್ನು ಶಟಾನ್ 1972ರ ಮೇ ತಿಂಗಳಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಬರೆದರು. ಜೊತೆಯವನು ಸತ್ತು ತಾನುಳಿದೆನೆಂಬ ಪಾಪಪ್ರಜ್ಞೆ, ಪ್ರೀತಿಸಲಾಗದೆ ಹೋಗುವುದು, ಕಾರಣವಿಲ್ಲದ ಸಿಟ್ಟು, ತನ್ನನ್ನು ತಾನು ಶಿಕ್ಷಿಸಿಕೊಳ್ಳಬೇಕೆಂಬ ತುಡಿತ. ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. 1952ರ ಮೊದಲ ಆವೃತ್ತಿಯಲ್ಲಿ ಸುಮಾರಾಗಿ ಇಂಥದೊಂದು ಕಾಯಿಲೆಯ ಉಲ್ಲೇಖವಿತ್ತು. ವಿಯೆಟ್ನಾಂ ಯುದ್ಧ ಅತ್ಯಂತ ಘೋರವಾಗಿದ್ದ 1968ರಲ್ಲಿ ಎರಡನೆಯ ಆವೃತ್ತಿ ಬಂದಾಗ ಅದನ್ನು ತೆಗೆದುಹಾಕಿದ್ದರು! ಸೈನಿಕರು, ಶಟಾನ್, ಲಿಫ್ಟನ್, ಸಾರಾ ಹೇಲಿ ಮೊದಲಾದವರು ಸೇರಿ ವರ್ಷಗಟ್ಟಲೆ ಜಗ್ಗಾಡಿದ ಮೇಲೆ 1980ರ ಮೂರನೆಯ ಆವೃತ್ತಿಯಲ್ಲಿ ‘ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್’ ಎಂಬ ಹೆಸರು ಸೇರಿತು. ಆಘಾತೋತ್ತರ ಒತ್ತಡವೆಂದು ಕನ್ನಡದಲ್ಲಿ ಬರೆಯುತ್ತಾರೆ. ಇಂದು ಭೂಕಂಪಕ್ಕೆ ಸಿಕ್ಕವರಿಗೂ ಅಪಘಾತದಲ್ಲಿ ಉಳಿದವರಿಗೂ ಇದೇ ಪದವನ್ನು ಬಳಸುತ್ತೇವೆ. ಅದರ ಬೇರು ಆ ಕಟ್ಟೆಯ ಹರಟೆಯಲ್ಲಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಕಟ್ಟೆಯ ಹರಟೆಯನ್ನು ಸರ್ಕಾರದ ಕಾರ್ಯಕ್ರಮವನ್ನಾಗಿ ಮಾಡಿದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಮ್ಯಾಕ್ಸ್ ಕ್ಲೀಲ್ಯಾಂಡ್ ಅವರದು. 1968ರ ಏಪ್ರಿಲ್‌ನಲ್ಲಿ ವಿಯೆಟ್ನಾಮಿನ ಖೆ ಸಾನ್ ಸಮೀಪ ಗ್ರೆನೇಡ್ ಸಿಡಿದು ಎರಡೂ ಕಾಲುಗಳನ್ನೂ ಬಲಗೈಯನ್ನೂ ಕಳೆದುಕೊಂಡವರು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಅವರನ್ನೇ ಮಾಜಿ ಸೈನಿಕರ ಆಡಳಿತದ ಮುಖ್ಯಸ್ಥರನ್ನಾಗಿ ನೇಮಿಸಿದರು. ಸೆನೆಟಿನಲ್ಲಿ ಹಲವು ಸಲ ಅಂಗೀಕಾರವಾಗಿಯೂ ಕೆಳಮನೆಯಲ್ಲಿ ನಿಂತುಹೋಗುತ್ತಿದ್ದ ಸಮಾಲೋಚನೆಯ ಮಸೂದೆ 1979ರಲ್ಲಿ ಕಾಯಿದೆಯಾಯಿತು. ‘ವೆಟ್ ಸೆಂಟರ್’ಗಳು ಹುಟ್ಟಿದ್ದು ಹೀಗೆ. ಅವು ಆಸ್ಪತ್ರೆಯ ಆವರಣದಲ್ಲಿರಲಿಲ್ಲ. ಪೇಟೆಬೀದಿಯ ಅಂಗಡಿ ಮಳಿಗೆಗಳಲ್ಲಿ, ಹಾದುಹೋಗುವವನು ಸುಮ್ಮನೆ ಒಳಗೆ ಕಾಲಿಡಬಹುದಾದ ಜಾಗದಲ್ಲಿ ತೆರೆದರು. ಒಳಗೆ ಕೂತವರಲ್ಲಿ ಅನೇಕರು ತಾವೇ ಯುದ್ಧ ಕಂಡವರು. ಇಂದು ಇಂಥ ಸುಮಾರು 300 ಕೇಂದ್ರಗಳಿವೆ.

ಇದೇ ಕ್ಲೀಲ್ಯಾಂಡ್ ಮುಂದೆ ಸೆನೆಟರ್ ಆಗಿ, 2002ರ ಚುನಾವಣೆಯಲ್ಲಿ ಸೋತು, ಇರಾಕ್ ಯುದ್ಧದ ಚಿತ್ರಗಳನ್ನು ಟಿ.ವಿ.ಯಲ್ಲಿ ನೋಡನೋಡುತ್ತ ತೀವ್ರ ಖಿನ್ನತೆಗೆ ಜಾರಿದರು. ಗಾಯಾಳುವಾಗಿ ಒಮ್ಮೆ ಮಲಗಿದ್ದ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಗೇ ಹೋಗಿ ಮನಸ್ಸಿನ ಚಿಕಿತ್ಸೆ ಪಡೆದರು. ಅದನ್ನು ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದರು. 2021ರವರೆಗೆ ಬದುಕಿದ್ದರು. ಸುಮಾರು 35 ವರ್ಷಗಳ ನಂತರವೂ ಹಳೆಯ ಗಾಯ ಬಾಯಿ ತೆರೆಯಬಲ್ಲದು, ತೆರೆದ ಮೇಲೆಯೂ ಮನುಷ್ಯ ಚೇತರಿಸಿಕೊಳ್ಳಬಲ್ಲ. ಎರಡನ್ನೂ ಅವರ ಬಾಳಿನಲ್ಲಿ ಕಾಣಬಹುದು.

ಅಂಕಿ-ಅಂಶಗಳ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ನೀವೆಲ್ಲ ಬಲ್ಲಂತೆ, ಸಂಖ್ಯೆ ಕೊಟ್ಟರೆ ‘ಎಲ್ಲಿಂದ ಬಂತು’ ಎಂದು ಕೇಳುವ ಅಭ್ಯಾಸ ನನ್ನದು. 1980ರ ದಶಕದಲ್ಲಿ ಅಮೆರಿಕದಲ್ಲಿ ಒಂದು ಮಾತು ಹರಡಿತ್ತು: ವಿಯೆಟ್ನಾಂ ಯುದ್ಧದಲ್ಲಿ ಸತ್ತವರಿಗಿಂತ, ಅಂದರೆ 58,000ಕ್ಕಿಂತ, ಹೆಚ್ಚು ಮಂದಿ ಹಿಂದಿರುಗಿದ ಮೇಲೆ ಆತ್ಮಹತ್ಯೆ ಮಾಡಿಕೊಂಡರು ಎಂದು. ಸರ್ಕಾರಿ ವಿಜ್ಞಾನಿಗಳು ಲೆಕ್ಕ ಹಾಕಿದಾಗ ಅದು ನಿಲ್ಲಲಿಲ್ಲ. 1980ರ ದಶಕದ ಆರಂಭದವರೆಗಿನ ನಿಜವಾದ ಸಂಖ್ಯೆ 9,000ಕ್ಕಿಂತ ಕಡಿಮೆಯೆಂದು 1990ರಲ್ಲಿ ಅಂದಾಜಾಯಿತು. ಹಾಗೆಂದು ಸಮಸ್ಯೆ ಇರಲಿಲ್ಲವೆಂದಲ್ಲ. 1987ರ ಅಧ್ಯಯನದ ಪ್ರಕಾರ, ಸೇನೆಯಿಂದ ಬಿಡುಗಡೆಯಾದ ಮೊದಲ 5 ವರ್ಷಗಳಲ್ಲಿ ವಿಯೆಟ್ನಾಂಗೆ ಹೋಗಿ ಬಂದವರ ಸಾವಿನ ಪ್ರಮಾಣ, ಅದೇ ಕಾಲದಲ್ಲಿ ಬೇರೆಡೆ ಸೇವೆಯಲ್ಲಿದ್ದವರದಕ್ಕಿಂತ ಶೇಕಡಾ 45ರಷ್ಟು ಹೆಚ್ಚಿತ್ತು. ರಸ್ತೆ ಅಪಘಾತ, ಆತ್ಮಹತ್ಯೆ, ಕೊಲೆ ಮುಖ್ಯ ಕಾರಣಗಳು. ಆಮೇಲೆ ಆ ಅಂತರ ಕರಗಿತು. ಮೊದಲ ಐದು ವರ್ಷ ಎಂಬುದು ನೆನಪಿಡಬೇಕಾದ ಮಾತು.

ಇನ್ನೊಂದು ಸಂಖ್ಯೆ ‘ದಿನಕ್ಕೆ 22’. ಮಾಜಿ ಸೈನಿಕರ ಇಲಾಖೆಯ, 2013ರ ಫೆಬ್ರವರಿಯಲ್ಲಿ ಹೊರಬಂದ ವರದಿಯ ಅಂದಾಜು ಇದು. ಇದನ್ನು ಹಿಡಿದುಕೊಂಡು 22 ದಂಡ ಹೊಡೆಯುವ ಅಭಿಯಾನವೇ ಇಂಟರ್‌ನೆಟ್ಟಿನಲ್ಲಿ ನಡೆಯಿತು. ಆದರೆ ಆ ವರದಿಗೆ ಆಧಾರ ಕೇವಲ 21 ರಾಜ್ಯಗಳ ಮರಣ ದಾಖಲೆಗಳು. ಅದಕ್ಕಿಂತ ಮುಖ್ಯವಾಗಿ, ಜನ ಭಾವಿಸಿದಂತೆ ಅವರೆಲ್ಲ ಇರಾಕಿನಿಂದ ಬಂದ ತರುಣರಲ್ಲ. ಬಹುಪಾಲು 50 ದಾಟಿದವರು, ಒಂಟಿತನ ಕಾಯಿಲೆ ಕಸಾಲೆಗಳಲ್ಲಿ ಮುದುಡಿದ ಹಿರಿಯರು. ಎಲ್ಲ ರಾಜ್ಯಗಳ ದಾಖಲೆ ಕೂಡಿಸಿದ ಬಳಿಕ ಲೆಕ್ಕ ತಿದ್ದುಪಡಿಯಾಯಿತು. 2022ರಲ್ಲಿ 6,407 ಮಂದಿ, ದಿನಕ್ಕೆ ಸರಾಸರಿ 17ರಿಂದ 18. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹತ್ತಿರದ ಕಾಲದಲ್ಲಿ ಇಲಾಖೆಯ ಆಸ್ಪತ್ರೆಯ ಮೆಟ್ಟಿಲು ಹತ್ತಿದವರೇ ಅಲ್ಲ.

ದಂಡ ಹೊಡೆಯುವ ಅಭಿಯಾನದ ಬಗ್ಗೆ ಮಾಜಿ ಸೈನಿಕರಲ್ಲಿಯೇ ಎರಡು ಅಭಿಪ್ರಾಯಗಳಿವೆ. ಜನರ ಗಮನ ಸೆಳೆಯಿತಲ್ಲ ಎಂದು ಕೆಲವರು. ಇನ್ನು ಕೆಲವರು, ನಮ್ಮನ್ನೆಲ್ಲ ಸಿಡಿಯಲು ಕಾದ ಮದ್ದಿನಂತೆ ಚಿತ್ರಿಸಬೇಡಿ, ಇದರಿಂದ ಕೆಲಸ ಕೊಡುವವನೂ ಹೆದರುತ್ತಾನೆ, ಕಷ್ಟದಲ್ಲಿರುವ ನಮ್ಮವನೂ ‘ನಮ್ಮಂಥವರಿಗೆ ಇದೇ ಗತಿ’ ಎಂದುಕೊಳ್ಳುತ್ತಾನೆ ಎನ್ನುತ್ತಾರೆ. ನನಗೆ ಎರಡನೆಯವರ ಮಾತು ಹೆಚ್ಚು ಸರಿ ಕಾಣುತ್ತದೆ. ಮಕ್ಕಳಿಗೆ ದಿನವೂ ‘ನೀವು ಫೇಲಾಗುವವರು’ ಎಂದು ಹೇಳುತ್ತ ಫಲಿತಾಂಶ ಸುಧಾರಿಸಿದ ಮೇಷ್ಟರನ್ನು ನಾನು ಕಂಡಿಲ್ಲ.

2007ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾನನ್‌ಡೇಗ್ವಾ ಎಂಬ ಸಣ್ಣ ಊರಿನಲ್ಲಿ ಮಾಜಿ ಸೈನಿಕರ ಸಹಾಯವಾಣಿ ಆರಂಭವಾಯಿತು. ಅಲ್ಲಿ ಫೋನ್ ಎತ್ತುವವರ ಕೆಲಸವನ್ನು ಕುರಿತ ಸಾಕ್ಷ್ಯಚಿತ್ರಕ್ಕೆ 2015ರಲ್ಲಿ ಆಸ್ಕರ್ ಬಂತು. ಮರುವರ್ಷವೇ, ಕೆಲವು ಕರೆಗಳು ಧ್ವನಿಮುದ್ರಣ ಯಂತ್ರಕ್ಕೆ ಹೋಗಿ ನಿಂತಿದ್ದವೆಂದು ಸರ್ಕಾರದ ತನಿಖಾಧಿಕಾರಿಗಳೇ ವರದಿ ಮಾಡಿದರು. ಇದನ್ನು ಅತ್ಯಂತ ಕಟುವಾಗಿ ಟೀಕಿಸಿದವರೂ ಮಾಜಿ ಸೈನಿಕರೇ, ಆ ಬಳಿಕ ಅಲ್ಲಿಯೇ ಕೂತು ಫೋನ್ ಎತ್ತಿದವರಲ್ಲಿ ಅನೇಕರೂ ಮಾಜಿ ಸೈನಿಕರೇ. 2022ರ ಜುಲೈಯಿಂದ ಅದಕ್ಕೆ ಮೂರಂಕಿಯ ಸಂಖ್ಯೆ ಬಂದಿದೆ: 988 ಒತ್ತಿ, ನಂತರ 1.

ಇರಾಕ್ ಮತ್ತು ಅಫ್ಘಾನಿಸ್ತಾನಗಳಲ್ಲಿ ಹೋರಾಡಿದ ಕ್ಲೇ ಹಂಟ್ ಎಂಬ ತರುಣ, ಆತ್ಮಹತ್ಯೆ ತಡೆಯುವ ಪ್ರಚಾರಚಿತ್ರದಲ್ಲಿ ತಾನೇ ಕಾಣಿಸಿಕೊಂಡು ಇತರರಿಗೆ ಧೈರ್ಯ ಹೇಳಿದ್ದವನು. ಭೂಕಂಪವಾದ ಹೈಟಿಯಲ್ಲಿ ಸಂತ್ರಸ್ತರ ಸೇವೆ ಮಾಡಿದ್ದ. 2011ರಲ್ಲಿ, 28ನೆಯ ವಯಸ್ಸಿಗೆ ಅವನೇ ಉಳಿಯಲಿಲ್ಲ. ಅವನ ಹೆಸರಿನ ಕಾಯಿದೆ 2015ರಲ್ಲಿ ಸೆನೆಟಿನಲ್ಲಿ 99-0 ಮತಗಳಿಂದ ಅಂಗೀಕಾರವಾಯಿತು. ಅದರಲ್ಲಿ ನನಗೆ ಮೆಚ್ಚಿಗೆಯಾದ ಅಂಶ, ಇಲಾಖೆಯ ಎಲ್ಲ ತಡೆ ಕಾರ್ಯಕ್ರಮಗಳನ್ನು ಪ್ರತಿವರ್ಷ ಹೊರಗಿನವರು ಪರೀಕ್ಷಿಸಬೇಕೆಂಬ ನಿಯಮ. ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿಕೊಳ್ಳುವ ಹಾಗಿಲ್ಲ.

ಬಂದೂಕಿನ ವಿಚಾರ ಸೂಕ್ಷ್ಮವಾದದ್ದು. ಅಮೆರಿಕದಲ್ಲಿ ಮಾಜಿ ಸೈನಿಕರ ಇಂಥ ಸಾವುಗಳಲ್ಲಿ ಹತ್ತಕ್ಕೆ ಏಳಕ್ಕಿಂತ ಹೆಚ್ಚಿನವು ಮನೆಯಲ್ಲಿರುವ ಬಂದೂಕಿಗೆ ಸಂಬಂಧಿಸಿದವು. ಇಸ್ರೇಲಿನ ಸೇನೆ 2006ರಲ್ಲಿ ಒಂದು ಸರಳ ನಿಯಮ ಮಾಡಿತು: ವಾರಾಂತ್ಯಕ್ಕೆ ಮನೆಗೆ ಹೋಗುವ ಹುಡುಗರು ಬಂದೂಕನ್ನು ಶಿಬಿರದಲ್ಲಿಯೇ ಬಿಟ್ಟುಹೋಗಬೇಕು. ಆತ್ಮಹತ್ಯೆಯ ಪ್ರಮಾಣ ಶೇಕಡಾ 40ರಷ್ಟು ಇಳಿಯಿತು. ಇಳಿದದ್ದು ವಾರಾಂತ್ಯದ ಸಾವುಗಳು. ವಾರದ ಉಳಿದ ದಿನಗಳದು ಮೊದಲಿನಂತೆಯೇ ಇತ್ತು. ಅಂದರೆ ಆ ಹುಡುಗರು ಬೇರೆ ದಾರಿ ಹುಡುಕಲಿಲ್ಲ. ಕೆಟ್ಟ ಗಳಿಗೆ ಬಂತು, ಕೈಗೆಟುಕುವಲ್ಲಿ ಏನೂ ಇರಲಿಲ್ಲ, ಗಳಿಗೆ ಹೋಯಿತು, ಹುಡುಗ ಉಳಿದ.

ಆದರೆ ನಿವೃತ್ತನಿಗೆ ಹೀಗೆ ಆಜ್ಞೆ ಮಾಡಲು ಬರುವುದಿಲ್ಲ. ಆಯುಧ ಅವನ ಮರ್ಯಾದೆಯ ಭಾಗ. ನಮ್ಮ ಕೊಡಗನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಕೈಲ್ ಪೋಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುವ ನಾಡು ಅದು. ಸರ್ಕಾರಿ ಅಧಿಕಾರಿ ಬಂದು ‘ಕೊಡು’ ಎಂದರೆ ಅವಮಾನ. ಜೊತೆಯಲ್ಲಿ ದುಡಿದ ಗೆಳೆಯ ಬಂದು ‘ನಿನಗೆ ಮನಸ್ಸು ಸರಿಯಿಲ್ಲದ ಈ ನಾಲ್ಕು ದಿನ ಇದು ನನ್ನ ಹತ್ತಿರ ಇರಲಿ, ಆಮೇಲೆ ತಗೊ’ ಎಂದರೆ ಅದು ಸ್ನೇಹ. ಅಮೆರಿಕದಲ್ಲಿ ಈ ಕೆಲಸ ಸಾಧ್ಯವಾದಷ್ಟೂ ಹೀಗೆಯೇ, ಸಹಸೈನಿಕರು ಮತ್ತು ಬಂದೂಕು ಅಂಗಡಿಯವರ ಮೂಲಕ ನಡೆಯಬೇಕೆಂದು ಮಾಜಿ ಸೈನಿಕರು ವಾದಿಸುತ್ತ ಬಂದಿದ್ದಾರೆ. ಇಲಾಖೆ ಬೀಗಗಳನ್ನು ಉಚಿತವಾಗಿ ಹಂಚುತ್ತದೆ.

ಇನ್ನು ನಾನು ಹೇಳಲು ಕಾದಿದ್ದ ಕಥೆ. ಜೆರೋಮ್ ಮೊಟ್ಟೊ ಎಂಬಾತ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕನಾಗಿ ಯೂರೋಪಿನಲ್ಲಿದ್ದ. ಅಲ್ಲಿಗೆ ಹೊರಡುವ ಮುಂಚೆ ಪರಿಚಯವಾಗಿದ್ದ ಹುಡುಗಿಯೊಬ್ಬಳು ಅವನಿಗೆ ತಪ್ಪದೆ ಕಾಗದ ಬರೆಯುತ್ತಿದ್ದಳು. ಅದರಲ್ಲಿ ಪ್ರೇಮವೂ ಇಲ್ಲ, ತತ್ತ್ವವೂ ಇಲ್ಲ. ದಿನನಿತ್ಯದ ಸಣ್ಣಪುಟ್ಟ ಸುದ್ದಿ. ಉತ್ತರ ಬರೆಯಲೇಬೇಕೆಂಬ ಒತ್ತಾಯವೂ ಇಲ್ಲ. ಆ ಕಾಗದಗಳು ತನ್ನನ್ನು ಎತ್ತಿಹಿಡಿದವು ಎಂಬುದನ್ನು ಅವನು ಮರೆಯಲಿಲ್ಲ.

ಮುಂದೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮನೋವೈದ್ಯನಾದ ಮೊಟ್ಟೊ, 1969ರಲ್ಲಿ ಒಂದು ಪ್ರಯೋಗ ಆರಂಭಿಸಿದರು. ಖಿನ್ನತೆಯಿಂದಲೋ ಆತ್ಮಹತ್ಯೆಯ ಯೋಚನೆಯಿಂದಲೋ ಆಸ್ಪತ್ರೆ ಸೇರಿ, ಬಿಡುಗಡೆಯಾದ ಮೇಲೆ ಮುಂದಿನ ಚಿಕಿತ್ಸೆಯನ್ನು ಬೇಡವೆಂದ 843 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಗುಂಪಿಗೆ ಏನೂ ಇಲ್ಲ. ಇನ್ನೊಂದು ಗುಂಪಿನ ಪ್ರತಿಯೊಬ್ಬರಿಗೂ ಆಸ್ಪತ್ರೆಯಲ್ಲಿ ಅವರನ್ನು ಮಾತನಾಡಿಸಿದ್ದ ವ್ಯಕ್ತಿಯಿಂದಲೇ ಒಂದು ಪುಟ್ಟ ಕಾಗದ. ಮೊದಲ 4 ತಿಂಗಳು ತಿಂಗಳಿಗೊಂದು, ಮುಂದಿನ 8 ತಿಂಗಳು ಎರಡು ತಿಂಗಳಿಗೊಂದು, ಆಮೇಲೆ 4 ವರ್ಷ ಮೂರು ತಿಂಗಳಿಗೊಂದು. ಕೂಡಿ ನೋಡಿ, ಐದು ವರ್ಷಕ್ಕೆ 24 ಕಾಗದ. ಒಳಗೆ ಎರಡು ಮೂರು ಸಾಲು: ನೀವು ಇಲ್ಲಿಂದ ಹೋಗಿ ಕೆಲಕಾಲವಾಯಿತು, ಚೆನ್ನಾಗಿದ್ದೀರೆಂದು ಭಾವಿಸುತ್ತೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎಂಬರ್ಥದ್ದು. ಆಸ್ಪತ್ರೆಗೆ ಬನ್ನಿ ಎಂಬ ಮಾತಿಲ್ಲ, ಮಾತ್ರೆ ತೆಗೆದುಕೊಂಡಿರಾ ಎಂಬ ವಿಚಾರಣೆಯಿಲ್ಲ. ಅಚ್ಚು ಹಾಕಿದ ನಮೂನೆಯಲ್ಲ, ಪ್ರತಿಯೊಂದನ್ನೂ ಬೇರೆಯಾಗಿ ಬೆರಳಚ್ಚು ಮಾಡಿದ್ದು.

ಕಾಗದ ಪಡೆದ ಗುಂಪಿನಲ್ಲಿ ಐದು ವರ್ಷಗಳುದ್ದಕ್ಕೂ ಆತ್ಮಹತ್ಯೆಯ ಪ್ರಮಾಣ ಕಡಿಮೆಯಿತ್ತು; ಮೊದಲ ಎರಡು ವರ್ಷಗಳಲ್ಲಿ ವ್ಯತ್ಯಾಸ ಸ್ಪಷ್ಟವಾಗಿ ಎದ್ದುಕಂಡಿತು. ಕಾಗದಗಳು ನಿಂತ ಮೇಲೆ ಅಂತರ ಕ್ರಮೇಣ ಅಳಿಸಿಹೋಯಿತು. 2001ರಲ್ಲಿ ಇದರ ಪೂರ್ಣ ವರದಿ ಪ್ರಕಟವಾಯಿತು. ಎಷ್ಟೋ ದುಬಾರಿ ಚಿಕಿತ್ಸೆಗಳು ತೋರಿಸಲಾಗದ ಫಲವನ್ನು ಅಂಚೆಯಣ್ಣ ತಂದುಕೊಟ್ಟಿದ್ದ. ನಮ್ಮ ಹಿರಿಯರು ಉಭಯಕುಶಲೋಪರಿ ಎಂದು ಆರಂಭಿಸಿ, ಅಡಿಕೆಯ ಧಾರಣೆಯನ್ನೂ ಹಸು ಕರು ಹಾಕಿದ್ದನ್ನೂ ಬರೆದು ಮುಗಿಸುತ್ತಿದ್ದ ಇನ್‌ಲ್ಯಾಂಡ್ ಪತ್ರಗಳನ್ನು ನಾವು ಎಷ್ಟು ಹಗುರವಾಗಿ ಕಾಣುತ್ತಿದ್ದೆವು!

ಮೊಟ್ಟೊ 2015ರಲ್ಲಿ ತೀರಿಕೊಂಡರು. 2020ರಲ್ಲಿ ಮಾಜಿ ಸೈನಿಕರ ಇಲಾಖೆ ತನ್ನ ಸಹಾಯವಾಣಿಗೆ ಕರೆ ಮಾಡಿದವರಿಗೆ ಇಂಥ ಕಾಗದಗಳನ್ನು ಕಳುಹಿಸತೊಡಗಿತು. ಕೆಲವರಿಗೆ ವೈದ್ಯಕೀಯ ಸಿಬ್ಬಂದಿಯ ಸಹಿ, ಕೆಲವರಿಗೆ ಸಹಸೈನಿಕನ ಸಹಿ. ಯುರೋಪಿನಲ್ಲೊಬ್ಬ ಸಿಪಾಯಿಗೆ ಬಂದ ಕಾಗದ 75 ವರ್ಷ ಸುತ್ತಿ ಸಿಪಾಯಿಗಳ ವಿಳಾಸಕ್ಕೇ ತಲುಪಿತು.

ನಮ್ಮ ದೇಶದ ಸಂಗತಿಯನ್ನೂ ಹೇಳಿಬಿಡುತ್ತೇನೆ. ಇಲ್ಲಿ ಸಿಪಾಯಿಯಾಗಿ ಸೇರಿದವನು ನಲವತ್ತು ತುಂಬುವ ಮೊದಲೇ ನಿವೃತ್ತನಾಗುವುದು ಸಾಮಾನ್ಯ. ಮೊದಲ ಐದು ವರ್ಷ ಎಂದೆನಲ್ಲ, ಅದು ಹೊಸ ಕೆಲಸ ಹುಡುಕುವ, ಬೆಳೆದ ಮಕ್ಕಳಿಗೆ ಅಪರಿಚಿತನಂತೆ ಮನೆಗೆ ಬರುವ ಕಾಲವೂ ಹೌದು. 2017ರ ಮಾನಸಿಕ ಆರೋಗ್ಯ ಕಾಯಿದೆಯ ನಂತರ, ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಉಳಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ಕೊಡಬೇಕೇ ಹೊರತು ಅಪರಾಧಿಯಂತೆ ಕಾಣುವಂತಿಲ್ಲ. 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಎಂಬ ಸರ್ಕಾರಿ ಸಹಾಯವಾಣಿ ಆರಂಭವಾಯಿತು. ಅದರ ರಾಷ್ಟ್ರಮಟ್ಟದ ಮಾರ್ಗದರ್ಶನ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನದು. 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರಿಗೂ ಅವರ ಕುಟುಂಬದವರಿಗೂ ಅದರ ಪ್ರತ್ಯೇಕ ವಿಭಾಗ ತೆರೆಯಿತು. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಸೈನಿಕರಿಗೆ ಮಾತ್ರವೆಂದಲ್ಲ, ಎಲ್ಲರಿಗೂ.

ನಮ್ಮ ಶಾಲೆಯಿಂದ ಸೈನ್ಯಕ್ಕೆ ಹೋದವರಲ್ಲಿ ಹನ್ನೊಂದು ಮಂದಿಯ ಅಂಚೆ ವಿಳಾಸ ನನ್ನಲ್ಲಿದೆ. ಉಳಿದವರ ವಿಳಾಸ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಕಳುಹಿಸಿಕೊಡಿ. ಫೋನ್ ನಂಬರು ಬೇಡ, ಪಿನ್‌ಕೋಡ್ ಸಹಿತ ಪೂರ್ಣ ವಿಳಾಸವೇ ಬೇಕು.